ಅಜ್ಜಂದಿರ ಕೋಣೆಯ ಮುಖ್ಯಸ್ಥೆ

ತೀರಿಕೊಂಡು ಹದಿನಾಲ್ಕು ತಿಂಗಳಾದ ಹೆಂಡತಿಯನ್ನು ನೋಡಲು ವಲಯದ ಮೇಲ್ವಿಚಾರಕಿ ಬರುತ್ತಾರೆ ಎಂಬ ಕಾಗದ ಕೈಗೆ ಬಂದಾಗ ಟೈಂ ಮಾವ ಮೊದಲು ನೋಡಿದ್ದು ಗಡಿಯಾರವನ್ನು. ಹನ್ನೊಂದು ಗಂಟೆ ಏಳು ನಿಮಿಷ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇವರದು ಡಿಪೋ ಗುಣ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಯಾವ ಡ್ರೈವರಿಗೆ ಯಾವ ಕಂಡಕ್ಟರು, ಯಾರು ರಜೆ, ಯಾರು ಬದಲಿ, ಎಲ್ಲ ಇವರ ಪುಸ್ತಕದಲ್ಲಿ. ಒಂದೇ ಒಂದು ನಿಮಿಷ ತಡವಾಗಿದ್ದಕ್ಕೆ ಸ್ವಂತ ಭಾವಮೈದುನನೇ ಬಂದು ಗೋಗರೆದರೂ ತಡವೆಂದೇ ಬರೆದ ಆಸಾಮಿ. ಅಂಥವರು ಹದಿನಾಲ್ಕು ತಿಂಗಳಲ್ಲಿ ಹದಿನಾಲ್ಕು ಸುಳ್ಳು ಬರೆದಿದ್ದರು. ಸುಳ್ಳೆಂದರೆ ದೊಡ್ಡದೇನಲ್ಲ, ಒಂದು ಹೆಸರು ಅಷ್ಟೇ.

ಊರಿನ ಚರ್ಚು ಬಸ್ಸಿನ ಕೊನೆಯ ಸ್ಟಾಪಿನ ಪಕ್ಕದಲ್ಲಿದೆ. ಸಭೆಯಲ್ಲಿ ಮೂವತ್ತೆರಡು ಜನ, ಕೈಗೂಸುಗಳನ್ನೂ ಸೇರಿಸಿಕೊಂಡರೆ. ಹಿಂದೆ ಮುರಿದ ಕುರ್ಚಿ ಒಟ್ಟುತ್ತಿದ್ದ ಕೋಣೆಯಲ್ಲಿ ಈಗ ಎರಡು ಕಂಪ್ಯೂಟರು, ಹಳೆಯ ರಿಜಿಸ್ಟರುಗಳ ಫಿಲ್ಮು ಓದುವ ಒಂದು ಯಂತ್ರ, ಒಂದು ಬೀರು, ಒಂದು ಬೆಂಚು. ಪೂರ್ವಜರ ಹೆಸರು ಹುಡುಕಿ ಬರೆದಿಡುವುದು ಈ ಚರ್ಚಿನವರ ಪದ್ಧತಿ. ಬಾಗಿಲ ಮೇಲೆ ‘ಕುಟುಂಬ ಚರಿತ್ರೆ ಕೇಂದ್ರ’ ಎಂದು ಬೋರ್ಡು. ಜನ ಕರೆಯುವುದು ಅಜ್ಜಂದಿರ ಕೋಣೆ ಎಂದು. ಯಾವ ಧರ್ಮದವರೇ ಆಗಲಿ, ಶನಿವಾರ ಮೂರರಿಂದ ಆರರವರೆಗೆ ಬಂದು ತಮ್ಮ ಅಜ್ಜ ಮುತ್ತಜ್ಜಿಯರನ್ನು ಹುಡುಕಿಕೊಳ್ಳಬಹುದು. ಹನ್ನೊಂದು ವರ್ಷ ಆ ಕೋಣೆಯನ್ನು ಒಂಟಿ ಕೈಯಲ್ಲಿ ನಡೆಸಿದವರು ಟೈಂ ಮಾವನ ಹೆಂಡತಿ. ಮಾವನ ಹೆಂಡತಿಯಾದ್ದರಿಂದ ಊರಿಗೆಲ್ಲ ಅತ್ತೆ. ಕಂಪ್ಯೂಟರೂ ಅವರೇ, ಕಸ ಗುಡಿಸುವುದೂ ಅವರೇ, ಬಂದವರ ಕಣ್ಣೊರೆಸುವುದೂ ಅವರೇ.

ಅತ್ತೆ ತೀರಿಕೊಂಡ ತಿಂಗಳ ಕೊನೆಗೆ, ವಲಯ ಕಚೇರಿಗೆ ಕಳಿಸಬೇಕಾದ ವರದಿಯ ಫಾರಂ ಮುಂದೆ ಮಾವ ಕೂತರು. ಮೊದಲ ಸಾಲಿನಲ್ಲೇ ‘ಮುಖ್ಯಸ್ಥರ ಹೆಸರು’ ಎಂದಿತ್ತು. ಹೆಂಡತಿಯ ಹೆಸರು ಬರೆದರು. ಮೋಸದ ಯೋಚನೆ ಇರಲಿಲ್ಲ, ಆಣೆ ಮಾಡಿ ಹೇಳಬಹುದು. ಬದಲಿಯವನು ಬಂದು ಸಹಿ ಹಾಕುವ ತನಕ ಡ್ಯೂಟಿ ಹಳಬನ ಹೆಸರಿನಲ್ಲೇ ನಡೆಯುತ್ತದೆ, ಡಿಪೋದ ಪದ್ಧತಿ ಅದು. ಆದರೆ ಬದಲಿ ಯಾರೂ ಬರಲಿಲ್ಲ. ಮುಖ್ಯಸ್ಥರಿಲ್ಲದೆ ಮೂರು ತಿಂಗಳು ಕಳೆದರೆ ಸಲಕರಣೆಯನ್ನೆಲ್ಲ ನಗರದ ದೊಡ್ಡ ಕೇಂದ್ರಕ್ಕೆ ಸಾಗಿಸಬೇಕು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಗರಕ್ಕೆ ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿ. ಅವಳ ಕೋಣೆ ಮತ್ತೆ ಮುರಿದ ಕುರ್ಚಿಗಳ ಪಾಲಾಗುವುದನ್ನು ನೆನೆಸಿಕೊಳ್ಳಲೂ ಮಾವ ಸಿದ್ಧರಿರಲಿಲ್ಲ. ಹೀಗಾಗಿ ಎರಡನೇ ತಿಂಗಳೂ ಬರೆದರು, ಮೂರನೇ ತಿಂಗಳೂ ಬರೆದರು.

ಪ್ರತಿ ಶನಿವಾರ ಮೂರಕ್ಕೆ ಸರಿಯಾಗಿ ಬಾಗಿಲು ತೆಗೆದು ಕೂರುತ್ತಿದ್ದರು. ಕಂಪ್ಯೂಟರ್ ಮುಟ್ಟಿದರೆ ಕಚ್ಚುತ್ತದೆ ಎಂಬ ಭಯ. ಬಂದವರಿಗೆ “ಮುಂದಿನ ವಾರ ಬನ್ನಿ” ಎನ್ನುವುದು. ಎಷ್ಟು ದಿನ ಬಂದಾರು? ಕೊನೆಕೊನೆಗೆ ಸಂದರ್ಶಕರ ಕಾಲಂನಲ್ಲಿ ಬರೀ ಸೊನ್ನೆ. ಆ ಸೊನ್ನೆಗಳನ್ನು ಮಾತ್ರ ಮಾವ ತಪ್ಪದೆ ಬರೆದು ಕಳಿಸುತ್ತಿದ್ದರು.

ಕಾಗದ ಹಿಡಿದುಕೊಂಡು ಅವರು ನೇರ ಸಭೆಯ ಹಿರಿಯರ ಬಳಿಗೆ ಹೋದರು. ಹಿರಿಯರು ಎಂದರೆ ಸಭೆಯನ್ನು ನಡೆಸುವವರು. ವಯಸ್ಸು ಮೂವತ್ನಾಲ್ಕು, ವಾರದ ದಿನ ಎಲೆಕ್ಟ್ರಿಷಿಯನ್. ಯಾರದೋ ಮನೆಯ ಏಣಿಯ ಮೇಲೆ ನಿಂತು ಫ್ಯಾನು ಕಟ್ಟುತ್ತಿದ್ದರು.

“ಹದಿನಾಲ್ಕು ತಿಂಗಳು ನೀವೂ ಸಹಿ ಹಾಕಿದ್ದೀರಿ,” ಎಂದರು ಮಾವ, ವಿಷಯವೆಲ್ಲ ಹೇಳಿ ಮುಗಿಸಿ.

“ಅಯ್ಯೋ ದೇವರೇ! ನಾನು ಓದದೇ ಹಾಕಿದ್ದು ಮಾವ. ನೀವು ಬರೆದಿದ್ದನ್ನ ಯಾರಾದ್ರೂ ತಿರುಗಿ ಓದ್ತಾರಾ?” ಹಿರಿಯರು ಏಣಿಯಿಂದ ಇಳಿದೇಬಿಟ್ಟರು. “ಇವತ್ತೇ ಬರೆದು ತಿಳಿಸಿಬಿಡಿ.”

“ತಿಳಿಸಿದ್ರೆ ನಾಳೆ ಲಾರಿ ಬರುತ್ತೆ. ನಾಲ್ಕು ವಾರ ಟೈಂ ಕೊಡಿ. ಅವರು ಬರೋ ಹೊತ್ತಿಗೆ ಕೋಣೆ ಓಡ್ತಿರಬೇಕು.”

“ಬೀಸೋ ದೊಣ್ಣೆ ತಪ್ಪಿಸಿಕೊಂಡ್ರೆ ಸಾವಿರ ವರ್ಷ ಆಯಸ್ಸು ಅಂತೀರಾ?”

“ತಪ್ಪಿಸ್ಕೊಳ್ಳಲ್ಲ. ತಲೆ ಕೊಡ್ತೀನಿ. ಆದ್ರೆ ಕೋಣೆ ಉಳಿಸಿ ಕೊಡ್ತೀನಿ.”

ಹಿರಿಯರು ಕೈಗೆ ಅಂಟಿದ ಧೂಳು ಒರೆಸಿಕೊಂಡರು. “ಸರಿ. ಈ ತಿಂಗಳ ವರದಿ ಕಳಿಸಬೇಡಿ. ಆಯಮ್ಮ ಬಂದ ದಿನ, ಅವರು ಕೇಳೋಕೆ ಮುಂಚೆ ನೀವೇ ಹೇಳಬೇಕು. ಅಷ್ಟಾದ್ರೆ ನಾನೂ ನಿಮ್ಮ ಜೊತೆ.”

ಈಗ ಜನ ಬೇಕಲ್ಲ! ಮೂವತ್ತೆರಡು ಜನರ ಸಭೆಯಲ್ಲಿ ಒಬ್ಬೊಬ್ಬರ ತಲೆ ಮೇಲೂ ಎರಡೆರಡು ಹೊರೆ. ಹಾಡು ಹೇಳಿಸುವವಳೇ ಮಕ್ಕಳಿಗೆ ಪಾಠ ಹೇಳುವವಳು, ಬಾಗಿಲು ಕಾಯುವವನೇ ರೋಗಿಗಳನ್ನು ನೋಡಿಕೊಂಡು ಬರುವವನು. ಅಜ್ಜಂದಿರ ಕೋಣೆ ಎಂದೊಡನೆ ಎಲ್ಲರದೂ ಒಂದೇ ಮಾತು: “ಅತ್ತೆ ಮಾಡ್ತಿದ್ದ ಕೆಲಸ ನಮ್ಮ ಕೈಲಿ ಆಗುತ್ತಾ ಮಾವ?” ಹೊಗಳಿಕೆಯಂತೆ ಕೇಳುವ ಆ ಮಾತೇ ಬಾಗಿಲು ಮುಚ್ಚಿಸುವ ಮಾತು. ಎರಡು ದಿನ ತಿರುಗಿ ಮಾವ ಕಾಲು ನೋಯಿಸಿಕೊಂಡು ಬಂದರು. ಮೂರನೇ ದಿನ ಬೆಳಿಗ್ಗೆ ಹಳೆಯ ಡ್ಯೂಟಿ ಚಾರ್ಟಿನ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದಾಗ ಹೊಳೆಯಿತು. ಅಲ್ಲ, ಯಾವ ಬಸ್ಸನ್ನಾದರೂ ಒಬ್ಬನೇ ಓಡಿಸಿದ್ದುಂಟೇ? ಬಸ್ಸು ಓಡಿಸುವವನು ಒಬ್ಬ, ಜನರ ಜೊತೆ ಏಗುವವನು ಇನ್ನೊಬ್ಬ. ಅವಳು ಎರಡನ್ನೂ ಒಬ್ಬಳೇ ಮಾಡಿದಳೆಂದು ಎಲ್ಲರೂ ಒಂಟಿಯಾಗಿ ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ತಾವು ಇಷ್ಟು ದಿನ ಹುಡುಕಿದ್ದು ಇನ್ನೊಬ್ಬ ಅತ್ತೆಯನ್ನು. ಬೇಕಾಗಿದ್ದು ಒಂದು ಜೋಡಿ.

ಮಾವ ಎದ್ದು ಬೇಕರಿಗೆ ಹೋದರು. ಬೇಕರಿ ನಡೆಸುವವಳು ಬಾಯಿ ತೆರೆದರೆ ಬ್ರೆಡ್ಡು ಕೊಳ್ಳಲು ಬಂದವರು ಮನೆಯ ಗುಟ್ಟೆಲ್ಲ ಹೇಳಿ ಹೋಗುವಂಥವಳು.

“ನಾನಾ? ಕಂಪ್ಯೂಟರಾ? ಈ ಬೆರಳು ನೋಡಿ ಮಾವ, ಒಂದು ಸಲ ಒತ್ತಿದ್ರೆ ನಾಲ್ಕು ಅಕ್ಷರ ಬೀಳುತ್ತೆ.”

“ನೀನು ಸ್ಟೇರಿಂಗ್ ಮುಟ್ಟಬೇಡಮ್ಮ. ನೀನು ಕಂಡಕ್ಟರು. ಬಂದವರನ್ನ ಕೂರಿಸು, ಎಲ್ಲಿಗೆ ಹೋಗಬೇಕು ಕೇಳು. ಮಾತಾಡಿಸು ಅಷ್ಟೇ.”

“ಮಾತಾಡೋದಾ?” ಬೇಕರಿಯವಳು ಸೆರಗಿಗೆ ಕೈ ಒರೆಸಿಕೊಂಡಳು. “ಅದಕ್ಕೂ ಒಂದು ಹುದ್ದೆ ಇದೆ ಅಂತ ನಮ್ಮನೆಯವರಿಗೆ ಸ್ವಲ್ಪ ಹೇಳಿ ಮಾವ, ದಿನಾ ಬೈತಾರೆ.”

ಔಷಧಿ ಅಂಗಡಿಯವನದು ತದ್ವಿರುದ್ಧ. ಬಾಯಲ್ಲಿ ಮುತ್ತಿಟ್ಟುಕೊಂಡವನಂತೆ ತುಟಿ ಪಿಟಕ್ಕೆನ್ನಿಸದ ಮನುಷ್ಯ. ಆದರೆ ಇಪ್ಪತ್ತು ವರ್ಷ ಡಾಕ್ಟರುಗಳ ಚೀಟಿ ಓದಿದ ಕಣ್ಣು. ಕಾಗೆ ಕಾಲು ಗುಬ್ಬಿ ಕಾಲಿನಂಥ ಯಾವ ಬರಹವೂ ಅವನಿಗೆ ನೀರು ಕುಡಿದಷ್ಟು ಸುಲಭ. ನೂರು ವರ್ಷದ ಹಿಂದಿನ ಗುಮಾಸ್ತರ ಕೈಬರಹ ಓದಲು ಇನ್ಯಾರು ಬೇಕು?

“ನನಗೆ ಜನರ ಹತ್ರ ಮಾತಾಡೋಕೆ ಬರಲ್ಲ ಮಾವ,” ಎಂದ ಅವನು, ಕೌಂಟರಿನ ಗಾಜು ನೋಡುತ್ತ.

“ಒಳ್ಳೇದೇ ಆಯ್ತು. ಡ್ರೈವರ್ ಜೊತೆ ಮಾತಾಡಬಾರದು ಅಂತ ಬಸ್ಸಲ್ಲೇ ಬರೆದಿರ್ತಾರೆ.”

ಅವನು ನಕ್ಕದ್ದನ್ನು ಮಾವ ಅವತ್ತೇ ಮೊದಲು ನೋಡಿದ್ದು. ಹಿರಿಯರು ತಾವು ಸ್ಪೇರ್ ಡ್ರೈವರ್ ಆಗುತ್ತೇನೆಂದರು. ಚಾರ್ಟು ಸಿದ್ಧವಾಯಿತು. ಮೊದಲ ಶನಿವಾರ ಔಷಧಿ ಅಂಗಡಿಯವನು ಅತ್ತೆಯ ಟಿಪ್ಪಣಿ ಪುಸ್ತಕ ಓದಿ ಕಂಪ್ಯೂಟರಿನ ದಾರಿ ಕಲಿತ. ಎರಡನೇ ಶನಿವಾರ ಬೇಕರಿಯವಳು ತನ್ನ ಅಂಗಡಿಗೆ ಬಂದವರನ್ನೆಲ್ಲ “ನಿಮ್ಮಜ್ಜನ ಹೆಸರು ಗೊತ್ತಾ? ಅವರಪ್ಪನ ಹೆಸರು? ಗೊತ್ತಿಲ್ವಾ? ನಾಚಿಕೆ ಆಗಲ್ವಾ? ಬನ್ನಿ ಶನಿವಾರ,” ಎಂದು ಬೈದು ಕಳಿಸಿದ್ದರಿಂದ ನಾಲ್ಕು ಜನ ಬಂದರು. ನಾಲ್ಕು!

ಅವರಲ್ಲಿ ಸೈಕಲ್ ರಿಪೇರಿಯ ಮುದುಕ ಒಬ್ಬ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ತನ್ನ ಅಜ್ಜಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದಳು. ಅಜ್ಜಿಯ ತಂದೆತಾಯಿ ಯಾರು, ಎಲ್ಲಿಯವರು, ಒಂದೂ ಗೊತ್ತಿಲ್ಲ. ಮಾವನಾಗಿದ್ದರೆ ‘ಹುಟ್ಟಿದ ದಿನಾಂಕ?’ ಎಂದು ಕೇಳಿ, ಗೊತ್ತಿಲ್ಲ ಎಂದೊಡನೆ ಗೆರೆ ಎಳೆದುಬಿಡುತ್ತಿದ್ದರು. ಬೇಕರಿಯವಳು ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕೂತು, “ನಿಮ್ಮಜ್ಜಿಗೆ ಕೋಪ ಬಂದ್ರೆ ಏನು ಮಾಡೋರು?” ಎಂದು ಕೇಳಿದಳು.

ಮುದುಕನ ಮುಖವೇ ಬದಲಾಯಿತು. “ಏನು ಮಾಡೋಳು? ಗಂಟುಮೂಟೆ ಕಟ್ಕೊಂಡು ಸೇತುವೆ ಹತ್ರ ಅವಳ ಅಕ್ಕನ ಮನೆಗೆ ಹೋಗಿಬಿಡೋಳು! ನಾನು ಹೋಗಿ ಕರ್ಕೊಂಡು ಬರ್ತಿದ್ದೆ. ಆ ದೊಡ್ಡಜ್ಜಿ ಗಂಡ ದೋಣಿ ನಡೆಸ್ತಿದ್ದ.”

ದೋಣಿಯವ, ಸೇತುವೆ. ಡ್ರೈವರ್ ಆಗಲೇ ಫಿಲ್ಮು ತಿರುಗಿಸತೊಡಗಿದ್ದ. ಒಂದು ಗಂಟೆ ಹತ್ತು ನಿಮಿಷದಲ್ಲಿ ಮದುವೆಯ ರಿಜಿಸ್ಟರಿನ ಕಸುಬಿನ ಕಾಲಂನಲ್ಲಿ ದೋಣಿಯವನು ಸಿಕ್ಕಿದ, ಅವನ ಪಕ್ಕ ದೊಡ್ಡಜ್ಜಿ, ಕೆಳಗೆ ದೊಡ್ಡಜ್ಜಿಯ ಅಪ್ಪ ಅಮ್ಮನ ಹೆಸರು. ಅಕ್ಕನ ಅಪ್ಪ ಅಮ್ಮ ಎಂದರೆ ತಂಗಿಯ ಅಪ್ಪ ಅಮ್ಮನೂ ಅವರೇ ತಾನೇ. ಔಷಧಿ ಅಂಗಡಿಯವನು ಆ ಎರಡು ಹೆಸರನ್ನು ಗಟ್ಟಿಯಾಗಿ ಓದಿದ. ಮುದುಕ ಎದ್ದು ನಿಂತು ಟೋಪಿ ತೆಗೆದ. ಎಪ್ಪತ್ಮೂರು ವರ್ಷಕ್ಕೆ ಮೊದಲ ಸಲ ಮುತ್ತಜ್ಜನ ಹೆಸರು ಕೇಳಿದ ಮನುಷ್ಯ, ಇನ್ನೇನು ಮಾಡಿಯಾನು?

“ದೊಡ್ಡ ಉಪಕಾರ ಆಯ್ತು,” ಎಂದು ಮೂವರ ಕೈಯನ್ನೂ ಹಿಡಿದು ಕುಲುಕಿದ, ಏನೂ ಮಾಡದೆ ಮೂಲೆಯಲ್ಲಿ ಕೂತಿದ್ದ ಮಾವನ ಕೈಯನ್ನು ಕೂಡ. ಮಾವನಿಗೆ ಸಂತೋಷವಾದದ್ದು ನಿಜ, ಆದರೆ ಒಳಗೊಂದು ಕಡೆ ಚುಳುಕ್ ಎಂದದ್ದೂ ನಿಜ. ಅವಳಿಲ್ಲದೆಯೂ ಕೋಣೆ ನಡೆಯುತ್ತದಲ್ಲ! ಅದಕ್ಕೇ ತಾನೇ ಒದ್ದಾಡಿದ್ದು, ಈಗ ನಡೆದರೆ ಯಾಕೆ ನೋವು? ತಮ್ಮನ್ನು ತಾವೇ ಬೈದುಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಆ ಇಬ್ಬರಿಗೂ ಮನಸ್ಸಿನಲ್ಲೇ ನೂರು ಸಲ ಒಳ್ಳೆಯದಾಗಲಿ ಎಂದರು.

ಮೇಲ್ವಿಚಾರಕಿ ಬರುವ ಶನಿವಾರ ಬಂದೇ ಬಂತು. ಮಾವ ಎರಡೂವರೆಗೇ ಬಸ್ ಸ್ಟಾಪಿನಲ್ಲಿ. ಹೇಳಬೇಕಾದ ಮಾತನ್ನು ನಾಲ್ಕು ವಾರದಿಂದ ಬಾಯಿಪಾಠ ಮಾಡಿದ್ದರು: ವಲಯ ಕಚೇರಿಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ವಿಷಾದಿಸುತ್ತೇನೆ, ಇತ್ಯಾದಿ. ಬಸ್ಸಿನಿಂದ ಇಳಿದವರು ಅರವತ್ತರ ಆಸುಪಾಸಿನ ದುಂಡನೆಯ ಹೆಂಗಸು. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಬಟ್ಟೆಯ ಚೀಲ.

“ನೀವೇ ಅಲ್ವಾ ಟೈಂಕೀಪರ್ರು? ನೋಡಿದ ಕೂಡ್ಲೇ ಗೊತ್ತಾಯ್ತು, ಅಕ್ಕ ಬರೆದಿದ್ದ ಹಾಗೇ ಇದ್ದೀರಿ,” ಎಂದು ನಕ್ಕು, ಚೀಲದಿಂದ ನೀಲಿ ಉಣ್ಣೆಯ ಸ್ವೆಟರಿನ ತುದಿ ಎಳೆದು ತೋರಿಸಿದರು. “ನಾನೇ ಹೆಣೆದೆ. ಅಕ್ಕನಿಗೆ ಚಳಿ ಜಾಸ್ತಿ ಅಲ್ವಾ.”

ಕಲಿತ ಮಾತೆಲ್ಲ ಮಾವನ ತಲೆಯಿಂದ ಹಾರಿಹೋಯಿತು. ಕಚೇರಿಗೆ ಸುಳ್ಳು ಬರೆದಿದ್ದೇನೆ ಎಂದು ತಿಳಿದಿದ್ದರು. ಆ ಕಚೇರಿಯಲ್ಲಿ ಅವಳಿಗೆ ಸ್ವೆಟರು ಹೆಣೆಯುವ ಜೀವವೊಂದು ಕೂತಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

“ಮೇಡಂ, ಅದನ್ನ ಒಳಗಿಡಿ,” ಎಂದರು. “ಅವಳು ತೀರಿಕೊಂಡಿದ್ದಾಳೆ. ಹದಿನೈದು ತಿಂಗಳಾಯ್ತು. ವರದಿ ಎಲ್ಲಾ ನಾನು ಬರೆದಿದ್ದು.”

ಮೇಲ್ವಿಚಾರಕಿ ನಿಂತಲ್ಲೇ ನಿಂತರು. ಬಸ್ಸು ತಿರುಗಿಕೊಂಡು ಹೊರಟುಹೋಯಿತು.

“ಹೊಸ ವರ್ಷಕ್ಕೆ ಕಾರ್ಡು ಕಳಿಸಿದ್ದೆ,” ಎಂದರು ಕೊನೆಗೆ.

“ಬಂತು.”

“ಆಮೇಲೆ ಎರಡು ಕಾಗದ.”

“ಬಂತು ಮೇಡಂ. ಅವಳ ಹೆಸರಿಗಿತ್ತು, ಕಚೇರಿಯದು ಅಂದ್ಕೊಂಡೆ. ತೆಗೆದು ಓದೋ ಧೈರ್ಯ ಆಗ್ಲಿಲ್ಲ.”

“ಉತ್ತರ ಬರ್ಲಿಲ್ಲ ಅಂತ ನನಗೆ ಕೋಪ. ಇಷ್ಟು ವರ್ಷದ ಸ್ನೇಹ, ಎರಡು ಸಾಲು ಬರೆಯೋಕಾಗಲ್ವಾ ಈಯಮ್ಮನಿಗೆ ಅಂತ. ಸತ್ತವಳ ಮೇಲೆ ಮುನಿಸಿಕೊಂಡು ಕೂತಿದ್ದೆ ಕಣ್ರೀ ನಾನು! ಒಂದು ಮಾತು ಹೇಳಿದ್ರೆ ನಾನೂ ಅವಳಿಗೋಸ್ಕರ ಅಳ್ತಿದ್ದೆನಲ್ಲ.”

ಮಾವ ತಲೆ ತಗ್ಗಿಸಿ ಚೀಲಕ್ಕೆ ಕೈ ಚಾಚಿದರು. ಆಕೆ ಕೊಡಲಿಲ್ಲ. ತಾವೇ ಹೊತ್ತುಕೊಂಡು ಚರ್ಚಿನ ಹಿಂದಿನ ಕೋಣೆಯತ್ತ ನಡೆದರು.

ಕೋಣೆಯಲ್ಲಿ ಆಗಲೇ ಮೂರು ಜನ ಬಂದಿದ್ದರು. ಹಿರಿಯರು ಒಂದು ಕಂಪ್ಯೂಟರಿನಲ್ಲಿ, ಔಷಧಿ ಅಂಗಡಿಯವನು ಫಿಲ್ಮಿನ ಯಂತ್ರದಲ್ಲಿ. ಮೇಲ್ವಿಚಾರಕಿಯ ಮುಖ ನೋಡಿದ್ದೇ ಬೇಕರಿಯವಳಿಗೆ ಗೊತ್ತಾಯಿತು. ಅವಳು ನೀರು ಕೊಟ್ಟು, ಬೆಂಚಿನ ಮೇಲೆ ಕೂರಿಸಿ, ತಾನೂ ಒತ್ತಿಕೊಂಡು ಕೂತು, “ನಮ್ಮ ಅತ್ತೆ ನಿಮಗೆ ಹೇಗೆ ಪರಿಚಯ?” ಎಂದಳು. ಅಷ್ಟೇ ಕೇಳಿದ್ದು. ತರಬೇತಿಗೆಂದು ಅತ್ತೆ ಒಮ್ಮೆ ನಗರಕ್ಕೆ ಬಂದದ್ದು, ಎರಡು ದಿನ ಒಂದೇ ಕೋಣೆಯಲ್ಲಿ ಉಳಿದದ್ದು, ಆಮೇಲೆ ಒಮ್ಮೆಯೂ ಭೇಟಿಯಾಗದಿದ್ದರೂ ಹತ್ತು ವರ್ಷ ಕಾಗದ ಬರೆದದ್ದು, ಎಲ್ಲ ಹೊರಗೆ ಬಂತು. ಅತ್ತೆಯ ವರದಿಗಳು ವಾರ ತಡವಾಗಿ, ಚಹಾದ ಕಲೆಯೊಂದಿಗೆ ಬರುತ್ತಿದ್ದವಂತೆ. ಅಂಚಿನಲ್ಲಿ ‘ನಮ್ಮನೆಯವರು ನಾನು ಸಾಯೋದಕ್ಕೂ ಟೈಂ ಹಾಕಿಕೊಡ್ತಾರೆ’ ಎಂಬಂಥ ಒಕ್ಕಣೆ ಇರುತ್ತಿತ್ತಂತೆ. ಬೇಕರಿಯವಳು ನಕ್ಕಳು. ಆಕೆಯೂ ನಕ್ಕರು, ಮೂಗು ಒರೆಸಿಕೊಂಡರು. ಮಾವ ಬಾಗಿಲಲ್ಲೇ ನಿಂತಿದ್ದರು.

ಆಮೇಲೆ ಆಕೆ ರಿಜಿಸ್ಟರು ತರಿಸಿಕೊಂಡು ನೋಡಿದರು. “ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಈ ಸೊನ್ನೆಗಳನ್ನೆಲ್ಲ ನಿಜವಾಗಿ ಬರೆದವರು ಹೆಸರು ಮಾತ್ರ ಯಾಕೆ ಸುಳ್ಳು ಬರೆದ್ರಿ?”

“ತೆಗೆದ್ರೆ ಆ ಸಾಲು ಖಾಲಿ ಆಗ್ತಿತ್ತು ಮೇಡಂ. ಖಾಲಿ ಸಾಲು ನೋಡೋಕೆ ನನ್ನ ಕೈಲಿ ಆಗ್ಲಿಲ್ಲ.”

ಆಕೆ ಬಹಳ ಹೊತ್ತು ಪುಟ ತಿರುವಿದರು. ಗೋಡೆಯ ಮೇಲಿನ ಡ್ಯೂಟಿ ಚಾರ್ಟನ್ನು ಕನ್ನಡಕ ಏರಿಸಿ ಓದಿದರು: ಡ್ರೈವರ್, ಕಂಡಕ್ಟರ್, ಸ್ಪೇರ್. ಇದು ಎಲ್ಲಿಯ ಪದ್ಧತಿ ಎಂದು ಕೇಳಿದರು. ಹಿರಿಯರು ವಿವರಿಸಿದರು.

“ನೋಡಿ, ನಿಯಮದ ಪ್ರಕಾರ ಈ ಕೋಣೆ ಒಂದು ವರ್ಷದ ಹಿಂದೇನೇ ಮುಚ್ಚಬೇಕಿತ್ತು. ಆದದ್ದನ್ನೆಲ್ಲ ನಾನು ಬರೀತೀನಿ, ಮುಚ್ಚಿಡಲ್ಲ,” ಎಂದರು ಆಕೆ. “ಆದ್ರೆ ಇವತ್ತು ಇಲ್ಲಿ ಬಂದವರಿದ್ದಾರೆ, ಕೆಲಸ ಮಾಡೋರಿದ್ದಾರೆ. ನಡೆಯೋ ಬಸ್ಸು ನಿಲ್ಲಿಸು ಅಂತ ನಾನು ಬರೆಯಲ್ಲ. ಮುಖ್ಯಸ್ಥರು ಯಾರು, ಸಹಾಯಕರು ಯಾರು, ಈಗಲೇ ಹೇಳಿ. ನೀವೇ ತಾನೇ?”

“ನಾನು ಮೂವತ್ತೊಂದು ವರ್ಷದಲ್ಲಿ ಒಂದು ದಿನಾನೂ ಬಸ್ಸು ಓಡಿಸಿದವನಲ್ಲ ಮೇಡಂ. ಯಾರು ಯಾವತ್ತು ಬರಬೇಕು ಅಂತ ಬರೀತೀನಿ, ಅಷ್ಟು ಸಾಕು. ಮುಖ್ಯಸ್ಥೆ ಇವಳು,” ಎಂದು ಮಾವ ಬೇಕರಿಯವಳ ಕಡೆ ಕೈ ತೋರಿಸಿದರು. “ಸಹಾಯಕ ಅವನು.”

ಬೇಕರಿಯವಳಿಗೆ ಅವತ್ತು ಮೊದಲ ಬಾರಿಗೆ ಮಾತೇ ಹೊರಡಲಿಲ್ಲ. ಔಷಧಿ ಅಂಗಡಿಯವನು ಅವಳ ಪರವಾಗಿ “ಆಗಲಿ” ಎಂದ. ಕೋಣೆ ಉಳಿಯಿತು. ಮಾವ ಬೆಂಚಿನ ತುದಿಯಲ್ಲಿ ಕೂತುಬಿಟ್ಟರು.

ಮೇಲ್ವಿಚಾರಕಿ ಫೈಲು ಮುಚ್ಚಿ, ಎರಡನೇ ಕಂಪ್ಯೂಟರಿನ ಮುಂದೆ ಕೂತರು. ಎಲ್ಲ ಕೇಂದ್ರಗಳಿಗೂ ಒಂದೇ ಆಗಿರುವ ವಂಶವೃಕ್ಷದಲ್ಲಿ ಅತ್ತೆಯ ಪುಟ ಹುಡುಕಿದರು. ಸಿಗಲಿಲ್ಲ. “ಸಿಗಲ್ಲ,” ಎಂದರು ತಮಗೇ. “ಬದುಕಿರೋರ ಪುಟ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಕಾಣಲ್ಲ. ಇದರ ಲೆಕ್ಕದಲ್ಲಿ ಅಕ್ಕ ಇನ್ನೂ ಇದ್ದಾರೆ. ನೀವು ಹೇಳಬೇಕು ಇವರೇ, ನಿಮ್ಮ ಕೈಯಿಂದಲೇ ಆಗಬೇಕು.”

ಅತ್ತೆ ಗಂಡನ ಹೆಸರಿನಲ್ಲೂ ಖಾತೆ ತೆರೆದಿಟ್ಟಿದ್ದರು. ಔಷಧಿ ಅಂಗಡಿಯವನು ಮೊದಲ ಕಂಪ್ಯೂಟರಿನಲ್ಲಿ ಅದನ್ನು ತೆಗೆದುಕೊಟ್ಟು ಕುರ್ಚಿ ಬಿಟ್ಟು ಎದ್ದ. ಮಾವ ಕೂತರು. ಪರದೆಯ ಮೇಲೆ ಹೆಂಡತಿಯ ಹೆಸರು, ಹುಟ್ಟಿದ ದಿನ, ಪಕ್ಕದಲ್ಲಿ ‘ಜೀವಂತ’ ಎಂಬ ಪದ. ಒಂದೇ ಬೆರಳಿನಲ್ಲಿ ದಿನ ಒತ್ತಿದರು, ತಿಂಗಳು, ವರ್ಷ.

“ಟೈಂ ಬರೆಯೋಕೆ ಜಾಗ ಇಲ್ವೇನೋ? ಬೆಳಿಗ್ಗೆ ಆರು ನಲವತ್ತೆರಡು.”

“ಇಲ್ಲ ಮಾವ. ಅದು ನಿಮ್ಮ ಹತ್ರಾನೇ ಇರಲಿ,” ಎಂದ ಔಷಧಿ ಅಂಗಡಿಯವನು.

ಖಚಿತವೇ ಎಂದು ಯಂತ್ರ ಕೇಳಿತು. ಯಾರೂ ಅವಸರ ಮಾಡಲಿಲ್ಲ. ಮಾವ ಹೌದು ಎಂಬಲ್ಲಿ ಒತ್ತಿದರು.

“ಬಂದ್ರು,” ಎಂದರು ಮೇಲ್ವಿಚಾರಕಿ ಆ ಕಡೆಯಿಂದ. “ಅಕ್ಕ ಬಂದ್ರು. ಈಗ ನನಗೂ ಕಾಣಿಸ್ತಿದ್ದಾರೆ.” ಆಮೇಲೆ ಆಕೆ ಬಾಯಿಗೆ ಸೆರಗು ಒತ್ತಿಕೊಂಡು, ಹದಿನೈದು ತಿಂಗಳ ಅಳುವನ್ನು ಒಟ್ಟಿಗೇ ಅತ್ತರು. ಟೈಂ ಮಾವ ಎದ್ದು ಹೋಗಿ ಪಕ್ಕದಲ್ಲಿ ಕೂತರು. “ತಪ್ಪಾಯ್ತಮ್ಮ,” ಎಂದರು, “ನೀವು ಬಂದದ್ದು ದೊಡ್ಡ ಉಪಕಾರ.” ಅವಳು ಹೋದ ದಿನದಿಂದ ಒಬ್ಬರೇ ಅಳುತ್ತಿದ್ದ ಮನುಷ್ಯ, ಅವತ್ತು ಇನ್ನೊಬ್ಬರ ಜೊತೆ ಕೂತು ಅತ್ತರು.